ಎಲ್ಲರನ್ನೂ ನಿಲ್ಲಿಸುವ ವಿದ್ಯೆ

ಯಾವುದನ್ನಾದರೂ ಶುರು ಮಾಡಬೇಕೆಂದರೆ ನಮ್ಮಲ್ಲಿ ಕಾಯಿ ಇದೆ, ಕರ್ಪೂರ ಇದೆ, ರಾಹುಕಾಲ ಕಳೆಯಲೆಂದು ಗಡಿಯಾರ ನೋಡುತ್ತ ಕೂರುವ ಹಿರಿಯರಿದ್ದಾರೆ. ನಿಲ್ಲಿಸುವುದಕ್ಕೆ ಮಾತ್ರ ಯಾವ ಶಾಸ್ತ್ರವೂ ಇಲ್ಲ. ಈ ಪರಮಸತ್ಯ ನನಗೆ ಹೊಳೆದದ್ದು ಪಕ್ಕದ ಮನೆಯವರು ಹೊಸ ಮಿಕ್ಸರ್ ತಂದ ದಿನ. ಅದಕ್ಕೆ ವಿಭೂತಿ ಬಳಿದು, ಹೂ ಏರಿಸಿ, ಕಾಯಿಚಟ್ನಿಯ ಪ್ರಥಮ ಸೇವೆಗೆ ಗುಂಡಿ ತಿರುವಿದ್ದೇ ತಡ, ಭದ್ರವಾಗಿ ಕೂರದ ಮುಚ್ಚಳ ಆಕಾಶಮಾರ್ಗ ಹಿಡಿಯಿತು, ಚಟ್ನಿ ಅದನ್ನು ಹಿಂಬಾಲಿಸಿತು. ಮನೆಮಂದಿಯೆಲ್ಲ "ಬಂದ್ ಮಾಡ್ರಿ, ಬಂದ್ ಮಾಡ್ರಿ!" ಎಂದು ಒಬ್ಬರಿಗೊಬ್ಬರು ಅಪ್ಪಣೆ ಕೊಡುವುದರಲ್ಲಿ ಮಗ್ನರಾಗಿದ್ದರಿಂದ ಅದನ್ನು ಪಾಲಿಸಲು ಯಾರೂ ಉಳಿಯಲಿಲ್ಲ. ಕೊನೆಗೆ ಕರೆಂಟೇ ದಯೆ ತೋರಿ ಹೋಯಿತು.

ನೀವು ನಗಬಹುದು, ನನ್ನ ಅನ್ನ ಹುಟ್ಟುವುದೇ ಈ ನಿಲ್ಲಿಸುವ ವಿಷಯದಲ್ಲಿ. ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ, ಮೇಲೆ ಇಸ್ತ್ರಿಯ ಅಂಗಿ ಕೆಳಗೆ ಲುಂಗಿ ಎಂಬ ಹರಿಹರ ರೂಪದಲ್ಲಿ ಕೂತು, ಎಲ್ಲೋ ದೂರದಲ್ಲಿರುವ ದೊಡ್ಡ ಕಂಪ್ಯೂಟರುಗಳನ್ನು ಬೇಕೆಂತಲೇ ಕೆಡವುತ್ತೇನೆ. ಬೀಳುವಾಗ ಅವು ಮರ್ಯಾದೆಯಿಂದ ಬೀಳುತ್ತವೆಯೋ ಇಲ್ಲವೋ ಎಂದು ಪರೀಕ್ಷಿಸುತ್ತೇನೆ. "ನಮ್ಮ ಹುಡುಗ ಕಂಪ್ಯೂಟರ್ ನಿಲ್ಲಸ್ತಾನ" ಎಂದು ಅವ್ವ ಓಣಿಯಲ್ಲಿ ಹೆಮ್ಮೆಯಿಂದ ಹೇಳಿದರೆ, ಎದುರುಮನೆಯಾಕೆ, "ನಿಲ್ಸಾಕ ಪಗಾರ ಕೊಡ್ತಾರ? ಕರೆಂಟು ಪುಕ್ಕಟೆ ನಿಲ್ಲಸ್ತೈತಲ್ಲವಾ!" ಎಂದಳಂತೆ.

ಅಷ್ಟು ಸಸಾರವಲ್ಲ, ಮಹಾರಾಯರೇ. ಕಂಪ್ಯೂಟರಿನ ಒಳಗೆ ಕರ್ನಲ್ ಎಂಬ ಯಜಮಾನ ತಂತ್ರಾಂಶವಿದೆ. ಅದರ ಕಟ್ಟಳೆಯಂತೆ ಹತ್ತಾರು ಪ್ರೊಸೆಸರುಗಳು, ಒಂದೇ ಅಡುಗೆಮನೆಯ ವಾರಗಿತ್ತಿಯರ ಹಾಗೆ, ಏಕಕಾಲಕ್ಕೆ ದುಡಿಯುತ್ತವೆ. ಅವುಗಳಲ್ಲೊಂದರ ಕೈಯಲ್ಲಿ ಕರ್ನಲ್ಲೇ ಕುಸಿಯುವಂಥ ಎಡವಟ್ಟಾಯಿತೆನ್ನಿ. ಆ ಒಂದು ನಿಂತು, ಉಳಿದವು ಸುದ್ದಿ ತಿಳಿಯದೆ ಓಡುತ್ತಲೇ ಇದ್ದರೆ, ಕೆಟ್ಟ ಲೆಕ್ಕವನ್ನೇ ಒಳ್ಳೆಯದೆಂದು ನಂಬಿ ಬರೆದಿಟ್ಟು ಉಳಿದ ಮಾನವನ್ನೂ ಕಳೆಯುತ್ತವೆ. ಆದ್ದರಿಂದ ಕೇಡನ್ನು ಮೊದಲು ಕಂಡದ್ದು ಮಿಕ್ಕವಕ್ಕೆಲ್ಲ 'ನಿಲ್ಲಿ' ಎಂಬ ಸಂದೇಶ ಕಳಿಸಬೇಕು. ಅವು ತಾವೇನು ಮಾಡುತ್ತಿದ್ದೆವೆಂಬ ಗುರುತನ್ನು ಉಳಿಸಿ, ಕೈಕಟ್ಟಿ ನಿಲ್ಲಬೇಕು. ಕೆಲವು ತಮ್ಮ ಕೆಲಸದ ಗುಂಗಿನಲ್ಲಿ ಕಿವಿಗೆ ಅಗುಳಿ ಹಾಕಿಕೊಂಡಿರುತ್ತವೆ. ಸ್ವಲ್ಪ ಕಾದು, ಅಂಥವಕ್ಕೆ ಯಾವ ಅಗುಳಿಯೂ ತಡೆಯದ ಇನ್ನೊಂದು ಸಂದೇಶ ಕೊಡಬೇಕು. ಇಬ್ಬರು ಒಟ್ಟಿಗೇ 'ನಿಲ್ಲಿ' ಎಂದು ಕೂಗಿದರೆ ಒಬ್ಬರು ಬಾಯಿ ಮುಚ್ಚಬೇಕು. ಎಲ್ಲ ನಿಂತ ಮೇಲೆ ಏನು ಕೆಟ್ಟಿತೆಂಬ ಪಂಚನಾಮೆ. ಈ ವಿದ್ಯೆಯಲ್ಲಿ ನಾನು ಪಾರಂಗತನೆಂಬ ಅಹಂಕಾರ ನನಗೆ ಅಕ್ಕನ ಕುಬಸದ ದಿನದವರೆಗೂ ಇತ್ತು.

ನನಗೆ ಇನ್ನೊಂದು ವಿದ್ಯೆಯೂ ಉಂಟೆಂಬುದನ್ನು ಇಲ್ಲಿ ಹೇಳಿಬಿಡಬೇಕು: ಕಂಡವರ ದನಿಯೆಲ್ಲ ನನಗೆ ಬರುತ್ತದೆ. ಕೂಡ್ಲಿಗಿ ಬಸ್ಸಿನ ಕಂಡಕ್ಟರು ಮೂಗಿನಲ್ಲಿ ಎಳೆಯುವ 'ಹೋಲ್ಡಾನ್', ಹರಪನಹಳ್ಳಿಯ ಭಾವ ದಾವಣಗೆರೆಯ ಬೆಣ್ಣೆ ಸವರಿ ಆಡುವ ಮಾತು, ಕೊಟ್ಟೂರಿನ ಸೋದರತ್ತೆ ಫೋನಿನಲ್ಲಿ ಕುಶಲ ಕೇಳುವ ನೆವದಿಂದ ಎತ್ತುವ ರಾಗ, ಎಲ್ಲವೂ ಕರತಲಾಮಲಕ, ಅಥವಾ ಕಂಠತಲಾಮಲಕ. ಇಷ್ಟು ಮಂದಿಗೆ ಬಾಡಿಗೆ ಕೊಟ್ಟ ಗಂಟಲಿನಲ್ಲಿ ಮನೆಯ ಮಾಲೀಕನಿಗೇ ಜಾಗವಿರಲಿಲ್ಲ. ನಾನು ಹೊರಗಿನಿಂದ ಫೋನ್ ಮಾಡಿದರೆ ಅವ್ವ ಮೊದಲು ಕೇಳುವುದು, "ಇವತ್ತ ಯಾರದಾರಲೇ ನಿನ್ನೊಳಗ?"

ಬಸುರಿ ಅಕ್ಕನಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಬಂಧುಬಳಗಕ್ಕೆ ಉಣಬಡಿಸುವುದೇ ಕುಬಸ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಅಡುಗೆ; ಅದಕ್ಕೆ ಆತುಕೊಂಡ ಕೋಣೆಯಲ್ಲಿ ಅಕ್ಕ, ಅವಳ ಸುತ್ತ ಆರತಿ ತಟ್ಟೆ ಹಿಡಿದ ಹೆಂಗಸರು. ಅಡುಗೆಗೆ ಮಾಗಳದ ವೀರಣ್ಣ ಬಂದಿದ್ದ. ಅವನ ದನಿ ತಳ ಹತ್ತಿದ ಕಡಾಯಿಯನ್ನು ಸೌಟಿನಿಂದ ಕೆರೆದಂತೆ. ಅದನ್ನು ಕೇಳಿದೊಡನೆ ಗಂಟಲು ತುರಿಸಿದ್ದು ನನ್ನ ತಪ್ಪಲ್ಲ, ಪ್ರತಿಭೆಯದು. ಅವನ ಜೊತೆಗೆ ಇಬ್ಬರು: ಹೋಳಿಗೆಯ ಹಂಚಿನ ಮುಂದೆ ಗಂಗಕ್ಕ, ಮಿರ್ಚಿಯ ಎಣ್ಣೆಯ ಮುಂದೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಶೇಖರ. ಒಲೆಗೊಂದರಂತೆ ಸಿಲಿಂಡರುಗಳು ಹಿಂದಿನ ಗೋಡೆಗೆ ಸಾಲಾಗಿ ಕೂತಿದ್ದವು.

ಬೆಳಗಿನಿಂದ ನನ್ನ ಲೀಲೆ ನಡೆದಿತ್ತು. ವೀರಣ್ಣ ಅತ್ತ ಹೋದನೆಂದರೆ ಇತ್ತ ಬಾಗಿಲ ಮರೆಯಿಂದ ನಾನು, "ಏ ಗಂಗವ್ವಾ, ಉರಿ ಸಣ್ಣ ಮಾಡಲೇ, ಹೋಳಿಗಿ ಕರ್ರಗಾಗ್ತಾವ!" ಎನ್ನುವುದು, ಅವಳು ಗಡಬಡಿಸಿ ಉರಿ ತಗ್ಗಿಸುವುದು, ನಾನು ಇಣುಕಿ ಹಲ್ಲು ಕಿರಿಯುವುದು. "ಇಂವನ ಬಾಯಿಗೆ ಹೂರಣ ತುಂಬ್ರೆ ಯಾರರ!" ಎಂದು ಅವಳು ಲಟ್ಟಣಿಗೆ ತೋರಿಸಿದಳು. ಆಮೇಲೆ ಒಲೆ ಆರಿಸಲು ಕೂಗಿದೆ, ನೀರು ತರಲು ಕೂಗಿದೆ. ಅವಳು ತಿರುಗಿಯೂ ನೋಡದಷ್ಟು ಪಳಗಿದಳು.

ಆಗಲೇ ನಿಜವಾದ ವೀರಣ್ಣ ಕೊತ್ತಂಬರಿ ಹಿಡಿದು ಶೆಡ್ಡಿಗೆ ಕಾಲಿಟ್ಟವನು ಮೂಗರಳಿಸಿ ನಿಂತ. ಮಿರ್ಚಿಯ ಘಾಟಿನಲ್ಲೇ ಕೂತವರ ಮೂಗಿಗೆ ಹತ್ತದ ಗ್ಯಾಸಿನ ವಾಸನೆ, ಯಾವ ಸಿಲಿಂಡರಿನದೆಂದು ತಿಳಿಯದು. "ಒಲಿ ಆರಸ್ರಲೇ! ಎಲ್ಲಾ ಒಲಿ ಆರಸ್ರಿ! ಗ್ಯಾಸ್ ಸೋರಾಕತ್ತೈತಿ!"

ಗಂಗಕ್ಕ ಬಾಗಿಲಿಗೆ ಬೆನ್ನು ಮಾಡಿ ಕೂತಂತೆಯೇ ಹೋಳಿಗೆ ಮಗುಚಿದಳು. "ಹೂಂ ತಮ್ಮಾ, ಸೋರ್ಲಿ ಬಿಡು. ಈ ಸಲ ದನಿ ಸಲ್ಪ ಕೀರಲಾತು, ವೀರಣ್ಣಂದು ಇನ್ನೂ ದಪ್ಪ ಐತಿ."

ತನ್ನ ದನಿಯನ್ನೇ ತನಗೆ ತಿದ್ದಿ ಹೇಳಿದ್ದನ್ನು ಕೇಳಿ ವೀರಣ್ಣ ಕೊತ್ತಂಬರಿ ಬಿಸಾಡಿದ. ಮತ್ತೆ ಕೂಗಿದ, ಗಾಬರಿಗೆ ದನಿ ಒಡೆಯಿತು, ಅವಳು ಕುಲುಕುಲು ನಕ್ಕಳು. ನಾನು ಮಜ್ಜಿಗೆಯ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದೆ, ಬಾಯಿ ಮುಚ್ಚಿಕೊಂಡು. ವಾಸನೆ ನನ್ನ ಮೂಗಿಗೂ ಬಡಿದಿತ್ತು. ಯಂತ್ರದೊಳಗಿನ 'ನಿಲ್ಲಿ'ಯನ್ನು ಯಾರೂ ತಮಾಷೆಗೆ ಕಳಿಸುವುದಿಲ್ಲ, ಅದರ ತೂಕವೆಲ್ಲ ಅಲ್ಲಿದೆ ಎಂದು ಪಗಾರ ಪಡೆದು ತಿಳಿದವನು, ಮನೆಯಲ್ಲಿ ಅದೇ ಸಂದೇಶವನ್ನು ಬೆಳಗಿನಿಂದ ಮಂಡಕ್ಕಿಯ ಹಾಗೆ ಎರಚಿ ಖಾಲಿ ಮಾಡಿದ್ದೆ. ಗೋಡೆಯಾಚೆ ಅಕ್ಕನ ಬಳೆಗಳು ಘಲ್ಲೆಂದವು. ಆರತಿಗೆ ದೀಪ ಹಚ್ಚುವ ಹೊತ್ತು.

ಯಾವ ದನಿಯಲ್ಲಿ ಕೂಗಲಿ? ಕಂಡಕ್ಟರು ಬಂದ, ಭಾವ ಬಂದ, ಅತ್ತೆಯೂ ರಾಗ ತೆಗೆದುಕೊಂಡು ನಾಲಿಗೆಯ ತುದಿಯವರೆಗೆ ಬಂದಳು, ಎಲ್ಲರೂ ನಗಿಸುವವರೇ. ಕೊಡ ಕೆಳಗಿಟ್ಟೆ. ಬಾಯಿ ತೆರೆದಾಗ ಹೊರಬಿದ್ದದ್ದು ನನಗೇ ಪರಿಚಯವಿಲ್ಲದ, ತೆಳ್ಳಗಿನ, ನಡುಗುವ, ಏನೇನೂ ರಂಜನೆಯಿಲ್ಲದ ದನಿ.

"ಗಂಗಕ್ಕಾ, ಅದು ನಾನಲ್ಲ. ಖರೆ ಐತಿ. ಒಲಿ ಆರಸು. ಹೋಳಿಗಿ ಅಲ್ಲೇ ಬಿಟ್ಟು ಸಾವಕಾಶ ಹೊರಗ ಬಾ."

ಅವಳು ತಿರುಗಿದಳು. ನನ್ನ ಮುಖ ನೋಡಿದಳು. ನಗು ಅರ್ಧಕ್ಕೆ ನಿಂತಿತು. ಒಲೆಯ ಗುಂಡಿ ತಿರುವಿ ಎದ್ದಳು.

ಉಳಿದವನು ಶೇಖರ, ಹಾಡಿನ ಲೋಕದಲ್ಲಿ. ಕುದಿಯುವ ಎಣ್ಣೆಯ ಮುಂದಿರುವವನನ್ನು ಹಿಂದಿನಿಂದ ಮುಟ್ಟಿದರೆ ನಿಲ್ಲಿಸಿದಂತಾಗುವುದಿಲ್ಲ, ಸುಟ್ಟಂತಾಗುತ್ತದೆ. ಸುತ್ತು ಹಾಕಿ ಅವನ ಎದುರಿಗೆ ಹೋಗಿ ಎರಡೂ ಕೈ ಜೋಡಿಸಿ ನಿಂತೆ. ಹುಟ್ಟಿದಂದಿನಿಂದ ಯಾರಿಗೂ ಕೈಮುಗಿಯದ ಪ್ರಾಣಿ ಮುಗಿಯುತ್ತಿರುವುದನ್ನು ಕಂಡವನು ತಾನೇ ಒಲೆ ಆರಿಸಿ, ಮಿರ್ಚಿ ಎತ್ತುವ ಜಾರಿಯನ್ನು ತಟ್ಟೆಯ ಮೇಲಿಟ್ಟು, ಕಿವಿಯಿಂದ ಹಾಡು ಕಿತ್ತ. ಅಷ್ಟರಲ್ಲಿ ವೀರಣ್ಣ ತನ್ನ ಒಲೆ ಆರಿಸಿ ಸಿಲಿಂಡರುಗಳ ತಲೆ ಒಂದೊಂದಾಗಿ ತಿರುವುತ್ತಿದ್ದ. ಅವ್ವ ಓಡಿ ಬಂದವಳು, "ಫ್ಯಾನ್ ಹಾಕ್ತೀನಿ, ವಾಸನಿ ಹೋಗ್ಲಿ" ಎಂದು ಸ್ವಿಚ್ಚಿಗೆ ಕೈ ಚಾಚಿದಳು.

"ಅವ್ವಾ, ಸ್ವಿಚ್ ಮುಟ್ಟಬ್ಯಾಡ. ಆರತಿ ತಡೀ. ಅಕ್ಕನ್ನ ಮುಂದಿನ ಬಾಗಿಲಿಂದ ಅಂಗಳಕ್ಕ ಕರ್ಕೊಂಡ್ ನಡಿ."

ಅವ್ವ ಯಾರದಾರಲೇ ನಿನ್ನೊಳಗ ಎಂದು ಕೇಳಲಿಲ್ಲ. ಕೈ ಹಿಂದೆಗೆದುಕೊಂಡು ಹೋದಳು.

ಆಮೇಲಿನದು ಸಾವಕಾಶದ ಪಂಚನಾಮೆ. ಎಲ್ಲವೂ ನಿಂತಲ್ಲೇ ಇದ್ದುದರಿಂದ ಕಳ್ಳ ಬೇಗ ಸಿಕ್ಕ: ಶೇಖರನ ಒಲೆಯ ರಬ್ಬರ್ ಪೈಪು ಬಿಸಿಗೆ ಮೆತ್ತಗಾಗಿ ಬಿರಿದಿತ್ತು. ವಾಸನೆ ಪೂರ್ತಿ ಹೋದ ಮೇಲೆ, ಹೊಸ ಪೈಪು ಬಂದ ಮೇಲೆ, ವೀರಣ್ಣ "ಯಾರ ಕೈಯಾಗ ಏನಿತ್ತು, ಹೇಳ್ರಿ" ಎಂದು ಕೇಳಿ, ಅರ್ಧ ಬೆಂದದ್ದನ್ನು ಅರ್ಧದಿಂದಲೇ ಮುಂದುವರಿಸಿದ. ಅಕ್ಕ ಅಂಗಳದ ಕುರ್ಚಿಯಲ್ಲಿ ಕೂತು, ಗಾಳಿ ಚಲೋ ಐತೆಂದು ಆರತಿಯನ್ನು ಅಲ್ಲೇ ಮಾಡಿಸಿಕೊಂಡಳು. ಊಟ ತಡವಾಯಿತು, ಹರಪನಹಳ್ಳಿ ಭಾವ ಅದಕ್ಕೊಂದು ಭಾಷಣ ಮಾಡಿದ್ದು ಬೇರೆ ಮಾತು, ಅದನ್ನು ನಾನು ಇಲ್ಲಿ ಅನುಕರಿಸುವುದಿಲ್ಲ.

ಪಂಕ್ತಿಗೆ ಕೂರುವ ಮುಂಚೆ ವೀರಣ್ಣ ನನ್ನ ಹೆಗಲ ಮೇಲೆ ಹಿಟ್ಟಿನ ಕೈ ಇಟ್ಟ. "ತಮ್ಮಾ, ನನ್ನ ದನಿ ನನಗ ಕೊಟ್ಟುಬಿಡು. ಅದರಾಗ ನಾಲ್ಕು ಮಂದೀನ ದುಡಸಬೇಕು ನಾನು. ನಿಂದೂ ಒಂದೈತಲ್ಲ. ಸಣಕಲ ಐತಿ, ಆದ್ರ ನಡೀತೈತಿ."

ನಾನು ಕೃತಾರ್ಥನಾದೆ. ಇನ್ನು ಮೇಲೆ ಬಾಡಿಗೆದಾರರನ್ನೆಲ್ಲ ಖಾಲಿ ಮಾಡಿಸಿ ಸ್ವಂತ ಗಂಟಲಲ್ಲಿ ಸಭ್ಯನಾಗಿ ಸಂಸಾರ ಮಾಡಬೇಕೆಂದು ಸಂಕಲ್ಪಿಸಿ ಎಲೆಯ ಮುಂದೆ ಕೂತೆ. ಹೋಳಿಗೆ ಬಿತ್ತು. ಗಂಗಕ್ಕ ತುಪ್ಪದ ಗಿಂಡಿ ಹಿಡಿದು ಬಂದಳು. ಬಿದ್ದದ್ದು ಮಾತ್ರ ಒಂದೇ ತೊಟ್ಟು. ಯಾರ ಅನುಕರಣೆಯೂ ಇಲ್ಲದೆ, ಆ ಹೊಸ ಸಣಕಲು ದನಿಯಲ್ಲಿ, ವಿನಯವಾಗಿ ಕರೆದೆ: "ಗಂಗಕ್ಕಾ..."

ಅವಳು ಗಿಂಡಿಯನ್ನು ಮೆಲ್ಲಗೆ ನೆಲಕ್ಕಿಟ್ಟಳು. ಹಿಂದೆ ಬರುತ್ತಿದ್ದ ಶೇಖರ ಮಿರ್ಚಿಯ ಬುಟ್ಟಿ ಇಳಿಸಿ ಕೈಕಟ್ಟಿ ನಿಂತ. ಪಲ್ಯ ನಿಂತಿತು, ಅನ್ನ ನಿಂತಿತು, ಇಡೀ ಪಂಕ್ತಿ ನನ್ನ ಬಾಯಿಯನ್ನೇ ನೋಡತೊಡಗಿತು. ಗಂಗಕ್ಕ ಸಾವಕಾಶವಾಗಿ ಬಾಗಿಲ ಕಡೆ ಹೆಜ್ಜೆ ಹಾಕುತ್ತ ಪಿಸುಗುಟ್ಟಿದಳು:

"ಈಗೆಲ್ಲಿ ಸೋರಾಕತ್ತೈತಿ, ತಮ್ಮಾ?"