ಟೈಲರಕ್ಕನ ಗೋಲಿ ಮೌಸ್

ಕಿರುಗುಟ್ಟುವ ವಸ್ತು ಕಂಡರೆ ಟೈಲರಕ್ಕನ ಕೈ ಸುಮ್ಮನಿರುತ್ತಿರಲಿಲ್ಲ. ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುತ್ತಲೇ ಬೆಳೆದವಳು. ಬಾಗಿಲು, ಫ್ಯಾನು, ಗಂಡನ ಮಂಚದ ಚಕ್ರ, ಎಲ್ಲಕ್ಕೂ ಒಂದೊಂದು ತೊಟ್ಟು. ಮನೆಗೆ ಬಂದವರ ಚಪ್ಪಲಿ ಸದ್ದು ಮಾಡಿದರೆ ಅದಕ್ಕೂ ಬಿಟ್ಟಾಳು, ಹೇಳಲಾಗದು.

ಗಂಡ ಅಂಗಡಿಗಳ ಬೋರ್ಡ್ ಬರೆಯುವ ಪೇಂಟರ್. ಬಾಯಿ ಜೋರು, ಕುಂಚ ಹಿಡಿದ ಕೈ ಅದಕ್ಕಿಂತ ಜೋರು. ಲಕ್ವ ಹೊಡೆದ ಮೇಲೆ ಎರಡೂ ಬಿದ್ದುಹೋದವು. ಎಡಗೈಯ ಹೆಬ್ಬೆರಳೊಂದು ಮಾತ್ರ ಅಲುಗಾಡುತ್ತ ಉಳಿಯಿತು.

ಆ ಹೆಬ್ಬೆರಳನ್ನೇ ನಂಬಿ ಅವನ ತಮ್ಮ ಒಂದು ಏರ್ಪಾಡು ಮಾಡಿಕೊಟ್ಟಿದ್ದ. ತಮ್ಮನದು ಕಂಪ್ಯೂಟರ್ ರಿಪೇರಿ ಅಂಗಡಿ. ಮೂಲೆಗೆ ಬಿದ್ದಿದ್ದ ಹಳೇ ಕಂಪ್ಯೂಟರಿಗೆ ಲಿನಕ್ಸ್ ಎಂಬ ಬಿಟ್ಟಿ ತಂತ್ರಾಂಶ ಹಾಕಿ, ಪರದೆಯ ತುಂಬ ಅಕ್ಷರಮಾಲೆ ಹರಡಿ, ನೆತ್ತಿಯ ಮೇಲೆ ದಪ್ಪ ಗೋಲಿ ಇರುವ ಮೌಸ್ ಜೋಡಿಸಿದ್ದ. ಹೆಬ್ಬೆರಳು ಗೋಲಿ ಉರುಳಿಸಿದರೆ ಪರದೆಯ ಬಾಣ ಸರಿಯುತ್ತಿತ್ತು. ಬಾಣ ಯಾವ ಅಕ್ಷರದ ಮೇಲೆ ತುಸು ನಿಲ್ಲುತ್ತದೋ ಅದು ಮೇಲಿನ ಸಾಲಿಗೆ ಹೋಗಿ ಕೂರುತ್ತಿತ್ತು. ಒಂದು ಪದ ಮುಗಿಯುವಷ್ಟರಲ್ಲಿ ಅವನು ಬೆವರುತ್ತಿದ್ದ. ಹಾಗಾಗಿ ಬೇಕಾದ್ದಷ್ಟೇ ಹೇಳುತ್ತಿದ್ದ: ನೀರು, ನೋವು, ಮಗ್ಗಲು. ಕಾಯಿಲೆ ಬಿದ್ದಾಗಿನಿಂದ ಗಂಡಹೆಂಡಿರ ಮಾತುಕತೆ ಇಷ್ಟಕ್ಕೇ ಬಂದು ನಿಂತಿತ್ತು.

ಆ ದಿನ ಬೆಳಿಗ್ಗೆ ಬಾಣ ಕದಲಲಿಲ್ಲ. ಗೋಲಿಯ ಅಡಿಯ ಕೆಂಪು ದೀಪ ಮಿಣುಕಿ ಆರಿಹೋಯಿತು. ಗಂಡನ ಕಣ್ಣು ಮಾತ್ರ ಮತ್ತೆ ಮತ್ತೆ ಕಿಟಕಿಯ ಕಡೆಗೆ ಓಡುತ್ತಿತ್ತು.

"ಏನ್ರೀ, ಬಿಸಿಲಾ? ಕಿಟಕಿ ಮುಚ್ಚಲಾ?"

ಮುಚ್ಚಿದಳು. ಕಣ್ಣು ಮತ್ತೆ ಅತ್ತಲೇ ಓಡಿತು. ಫ್ಯಾನ್ ಹಾಕಿದಳು, ದಿಂಬು ಸರಿಸಿದಳು, ನೀರು ಹಿಡಿದಳು. ಅವನು ನೀರಿನತ್ತ ನೋಡಲೂ ಇಲ್ಲ. ಅವನಿಗೆ ಏನೋ ಹೇಳಬೇಕಾಗಿದೆ, ಅದು ತನಗೆ ತಿಳಿಯುತ್ತಿಲ್ಲ ಎನ್ನುವುದಷ್ಟು ಟೈಲರಕ್ಕನಿಗೆ ಗೊತ್ತಾಯಿತು. ಗೋಲಿ ಕೆಟ್ಟರೆ ಗಂಡ ಎರಡನೇ ಸಲ ಮೂಕನಾದಂತೆಯೇ.

ಮೈದುನನಿಗೆ ಫೋನ್ ಮಾಡಿ ಬಾಣ ಕದಲದ್ದನ್ನು ಹೇಳಿದಳು.

"ಅತ್ತಿಗೆ, ಅಂಗಡಿ ತುಂಬ ಜನ, ಈಗ ಬರೋಕಾಗಲ್ಲ. ನಾನು ಹೇಳ್ತೀನಿ, ನೀವು ಮಾಡಿ. ಮೌಸ್ ವೈರನ್ನ ಬೇರೆ ತೂತಿಗೆ ಚುಚ್ಚಿದ್ರಾ?"

"ಇರೋ ತೂತಿಗೆಲ್ಲಾ ಚುಚ್ಚಿದೆ ಕಣೋ. ಆಫ್ ಮಾಡಿ ಆನೂ ಮಾಡಿದೆ."

"ಸರಿ, ಹಾಗಾದ್ರೆ ಅದನ್ನೇ ಕೇಳೋಣ."

ಯಾರನ್ನು ಕೇಳುವುದು ಎಂದು ಅವಳಿಗೆ ಹೊಳೆಯಲಿಲ್ಲ. ಅವನು ಹೇಳಿದ ಕೀಲಿಗಳನ್ನು ಒತ್ತಿದಳು, ಪರದೆಯ ಮೇಲೆ ಕಪ್ಪು ಕಿಟಕಿಯೊಂದು ತೆರೆಯಿತು. ಅವನು ಒಂದೊಂದಾಗಿ ಹೇಳಿದ ಇಂಗ್ಲಿಷ್ ಅಕ್ಷರಗಳನ್ನು ಕುಟ್ಟಿದಳು. "ಈಗ ಮೌಸ್ ಕಿತ್ತು ಮತ್ತೆ ಚುಚ್ಚಿ," ಎಂದ.

ಚುಚ್ಚಿದಳು. ಕಪ್ಪು ಕಿಟಕಿಯಲ್ಲಿ ತಾನಾಗಿಯೇ ಒಂದು ಸಾಲು ಮೂಡಿತು. ಅದರ ಕೆಳಗೆ ಇನ್ನೊಂದು, ಮತ್ತೊಂದು. ಟೈಲರಕ್ಕ ಫೋನನ್ನು ಕೆನ್ನೆಗೆ ಒತ್ತಿಕೊಂಡು ಅಕ್ಷರ ಕೂಡಿಸಿ ಓದಿ ಹೇಳಿದಳು.

"ಒಳಗೆ ಯಾರೋ ಬಂದ್ರು ಅಂತ ಕಂಪ್ಯೂಟರಿಗೆ ಗೊತ್ತಾಗಿದೆ ಅತ್ತಿಗೆ," ಎಂದ ಮೈದುನ. "ನೀನ್ಯಾರು ಅಂತ ಕೇಳ್ತಿದೆ. ಮೌಸ್ ಹೇಳೋಕೆ ಹೋಗ್ತಿದೆ, ಆದ್ರೆ ಮಾತು ನೆಟ್ಟಗೆ ಮುಟ್ತಿಲ್ಲ. ಅದಕ್ಕೇ ಮತ್ತೆ ಮತ್ತೆ ಕೇಳ್ತಿದೆ, ನೋಡಿ."

ಟೈಲರಕ್ಕ ಕಂಪ್ಯೂಟರಿನತ್ತ ಬಾಗಿ ನೋಡಿದಳು. ಈ ತಗಡಿನ ಪೆಟ್ಟಿಗೆಯ ಮೇಲಿನ ಧೂಳನ್ನು ನಿತ್ಯ ಒರೆಸಿದವಳು ಅವಳು. ಒಳಗೆ ಇಂಥ ವಿಚಾರಣೆ ನಡೆಯುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಬಂದವರ ಹೆಸರು ಕೇಳುತ್ತದೆ, ಕೇಳಿಸದಿದ್ದರೆ ತಾಳ್ಮೆಯಿಂದ ಇನ್ನೊಮ್ಮೆ ಕೇಳುತ್ತದೆ. ಮನುಷ್ಯರಲ್ಲಿ ಎಷ್ಟು ಜನಕ್ಕುಂಟು ಈ ತಾಳ್ಮೆ?

"ಅಂದ್ರೆ ಮೌಸ್ ಕೆಟ್ಟಿಲ್ಲ. ಮಾತಾಡ್ತಾ ಇದೆ, ಅಲ್ವೇನೋ?"

"ಹೂಂ. ಮಧ್ಯೆ ಏನೋ ಅಡ್ಡ ಬಂದಿದೆ ಅಷ್ಟೆ."

ಅವಳು ತಿರುಗಿ ಗಂಡನನ್ನು ನೋಡಿದಳು. ಈ ಸಲ ಏನನ್ನೂ ಊಹಿಸಲಿಲ್ಲ. ಅವನ ಕಣ್ಣು ಹೋದ ಕಡೆಗೆ ತನ್ನ ಕಣ್ಣನ್ನೂ ಕಳಿಸಿದಳು. ಕಿಟಕಿಯಲ್ಲ, ಕಿಟಕಿಯ ಕೆಳಗಿನ ಹೊಲಿಗೆ ಮೆಷಿನ್. ಮೆಷಿನ್ನೂ ಅಲ್ಲ, ಅದರ ಪಕ್ಕದ ಎಣ್ಣೆ ಡಬ್ಬಿ.

ಆಗ ನೆನಪಾಯಿತು. ಹಿಂದಿನ ರಾತ್ರಿ ಕಂಪ್ಯೂಟರ್ ಆಫ್ ಮಾಡಿ ಧೂಳು ಒರೆಸುವಾಗ ಮೌಸಿನ ವೈರು ಕಿತ್ತಿದ್ದಳು. ಮತ್ತೆ ಚುಚ್ಚುವಾಗ ಬಿಗಿಯೆನಿಸಿ ಅದರ ತುದಿಗೆ ಒಂದು ತೊಟ್ಟು ಬಿಟ್ಟಿದ್ದಳು. ಅವನು ನೋಡುತ್ತಲೇ ಮಲಗಿದ್ದ. ಕಾರಣ ಗೊತ್ತಿದ್ದವನು ಮನೆಯಲ್ಲಿ ಅವನೊಬ್ಬನೇ, ಹೇಳುವ ದಾರಿ ಮುಚ್ಚಿದ್ದೂ ಅವನಿಗೇ.

"ಎಣ್ಣೆ ಬಿಟ್ಟೆ ಕಣೋ," ಎಂದಳು ಸಣ್ಣ ದನಿಯಲ್ಲಿ.

"ಎಣ್ಣೆನಾ! ಅತ್ತಿಗೆ, ಅದೇನು ಹೊಲಿಗೆ ಮೆಷಿನ್ನಾ?" ಅವನು ನಕ್ಕದ್ದು ಅಂಗಡಿಗೆಲ್ಲ ಕೇಳಿಸಿರಬೇಕು. "ಕಂಪ್ಯೂಟರ್ ಆಫ್ ಮಾಡಿ. ಇಂಜೆಕ್ಷನ್‌ಗೆ ಮುಂಚೆ ಹಚ್ತಾರಲ್ಲ, ಆ ಸ್ಪಿರಿಟ್ಟಲ್ಲಿ ತುದಿನೂ ತೂತುಗಳ್ನೂ ಒರೆಸಿ. ಪೂರ್ತಿ ಒಣಗಿದ ಮೇಲೆ ಚುಚ್ಚಿ."

ಒರೆಸಿದರೆ ಎಣ್ಣೆಗೆ ಅಂಟಿದ ನೂಲಿನ ಜುಂಗು ಮುದ್ದೆಯಾಗಿ ಬಂತು. ಒಣಗಲು ಬಿಟ್ಟಳು. ಕಂಪ್ಯೂಟರ್ ಹಾಕಿ, ಕಪ್ಪು ಕಿಟಕಿ ತೆರೆದು, ಮುಂಚಿನ ಅಕ್ಷರಗಳನ್ನೇ ಮತ್ತೆ ಕುಟ್ಟಿ ಚುಚ್ಚಿದಳು. ಸಾಲುಗಳು ಸರಸರನೆ ಇಳಿದವು. ಕೊನೆಯಲ್ಲಿ ಅದರ ಹೆಸರು, ಮೌಸ್ ಎಂದು, ತಪ್ಪಿಲ್ಲದೆ. ಕೆಂಪು ದೀಪ ಹತ್ತಿತು. ಟೈಲರಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟಳು. ಹುಟ್ಟಿದ ಮಗುವಿನ ಮೊದಲ ಅಳು ಕೇಳಿದವಳಂತೆ ಕಣ್ಣು ತುಂಬಿತ್ತು.

ಗಂಡನ ಹೆಬ್ಬೆರಳನ್ನು ಗೋಲಿಯ ಮೇಲಿಟ್ಟಳು. ನೀರೋ ನೋವೋ ಎಂದು ಕಾದಳು. ಬಾಣ 'ಪ'ದ ಮೇಲೆ ನಿಂತಿತು. ಎತ್ವ ಹತ್ತಿತು.

"ಪೆ... ಪೆಟ್ಟಿಗೆನಾ? ಪೆಟ್ಟಾಯ್ತಾ?"

ದ. ಅದಕ್ಕೊಂದು ಒತ್ತು. ಗುಡಿಸು. ಪೆದ್ದಿ.

ಟೈಲರಕ್ಕನಿಗೆ ನಗು ಉಕ್ಕಿತು. ಬೈಸಿಕೊಂಡು ಇಷ್ಟು ಸಂತೋಷಪಟ್ಟ ಹೆಂಗಸು ಬೇರೆ ಇರಲಾರಳು. ಆದರೆ ಅವನು ನಿಲ್ಲಿಸಿರಲಿಲ್ಲ. ಹಣೆ ಬೆವರುತ್ತಿತ್ತು, ಬಾಣ ತೆವಳುತ್ತ ಪರದೆಯ ಕೊನೆಯ ಮೂಲೆಗೆ ಹೊರಟಿತ್ತು. ಅಲ್ಲಿದ್ದದ್ದು ದೀರ್ಘ. ಅದಿಲ್ಲದಿದ್ದರೂ ಬೈಗುಳ ಬೈಗುಳವೇ. ಅದು ಸೇರಿದರೆ ಮಾತ್ರ ಅವಳನ್ನು ಕೂಗಿ ಕರೆದಂತೆ.

ಪೆದ್ದೀ.

"ಏನ್ರೀ," ಎಂದು ಅವಳು ಓಗೊಟ್ಟಳು.