ಖಾನಾಪುರ ಫೈಲಿನ ಒಂದು ಸಾಲು

2023ರಲ್ಲಿ ನಾನು ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ದಾಖಲೆ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಎಚ್‌ಐವಿ ಗುಳಿಗೆಯನ್ನು ನಡುವೆಯೇ ಬಿಟ್ಟುಬಿಡುವವರು ಯಾರೆಂದು ಮೊದಲೇ ತಿಳಿಯಬೇಕೆಂದು ಆಡಳಿತ ಮಂಡಳಿ ಬಯಸಿತು. ಅದಕ್ಕಾಗಿ ಡೇಟಾ ಮೈನಿಂಗ್, ಅಂದರೆ ದಾಖಲೆಗಳ ರಾಶಿಯಲ್ಲಿ ಕಣ್ಣಿಗೆ ಬೀಳದ ಜಾಡು ಹುಡುಕುವ ಕೆಲಸವನ್ನು, ಒಂದು ಕ್ಲೌಡ್ ಕಂಪನಿಗೆ ವಹಿಸಿದರು. ನಮ್ಮ ಫೈಲು ಇಂಟರ್ನೆಟ್ ಮೂಲಕ ಅವರ ಕಂಪ್ಯೂಟರಿಗೆ ಹೋಗಬೇಕು. ಅದಕ್ಕೂ ಮುಂಚೆ ರೋಗಿಗಳ ಗುರುತು ಅಳಿಸುವ ಹೊಣೆ ನನ್ನದು.

ಹೆಸರು, ಫೋನ್ ನಂಬರು, ಆಧಾರ್ ಎಲ್ಲ ತೆಗೆದೆ. ಊರು, ವಯಸ್ಸು, ಉದ್ಯೋಗ ಉಳಿಸಿದೆ. ಅವಿಲ್ಲದೆ ಜಾಡು ಸಿಗುವುದಿಲ್ಲ ಎಂದು ಕಂಪನಿಯವರು ಹೇಳಿದ್ದರು. ಮೂರು ಸಲ ಪರಿಶೀಲಿಸಿದೆ. ನನ್ನ ಅಚ್ಚುಕಟ್ಟಿನ ಬಗ್ಗೆ ನನಗೆ ಆಗ ಕೋಡು ಮೂಡುವಷ್ಟು ಜಂಬ.

ಫಲಿತಾಂಶವನ್ನು ಖಾನಾಪುರದಲ್ಲಿ ಗುಳಿಗೆ ಕೊಡುವ ನಮ್ಮ ಕೇಂದ್ರದ ಸಿಬ್ಬಂದಿಗೆ ಪರದೆಯ ಮೇಲೆ ತೋರಿಸಿದೆ. ಹತ್ತಿರದ ಕೇಂದ್ರ ಬಿಟ್ಟು ದೂರ ಹೋಗುವವರು ಗುಳಿಗೆ ನಿಲ್ಲಿಸುವ ಸಂಭವ ಹೆಚ್ಚು ಎಂದು ಯಂತ್ರ ಹೇಳಿತ್ತು. ಅಂಥವರ ಪಟ್ಟಿಯ ಮೊದಲ ಸಾಲು: ಹನ್ನೊಂದು ಮನೆಗಳ ಒಂದು ವಾಡಿ, ಮೂವತ್ತೆಂಟು ವರ್ಷದ ವಿಧವೆ, ಹೊಲಿಗೆ ಕೆಲಸ, ಗುಳಿಗೆಗೆ ಬೆಳಗಾವಿಗೆ ಹೋಗುತ್ತಾರೆ.

ಹಿಂದೆ ಕುಳಿತಿದ್ದ ಜೀಪ್ ಚಾಲಕ ತಟ್ಟನೆ ಅಂದ: "ಇದು ನಮ್ಮ ವಾಡಿ ಟೇಲರ್ ಬಾಯಿ ಅಲ್ಲೇನ್ರಿ?"

ಪರದೆ ಆರಿಸಿದೆ. ಮಾತು ಹೊರಗೆ ಹೋಗಬಾರದೆಂದು ಎಲ್ಲರಿಗೂ ತಾಕೀತು ಮಾಡಿದೆ. ಅದೆಲ್ಲಿ ನಿಲ್ಲುತ್ತದೆ!

ಊರಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದೇ ಆಕೆ ಬಸ್ಸು ಹತ್ತಿ ಬೆಳಗಾವಿಗೆ ಬರುತ್ತಿದ್ದರು. ಅವರ ಮನೆಗೆ ಹೋದರೆ ಇನ್ನಷ್ಟು ಬಯಲಾದೀತೆಂದು ಗುಳಿಗೆಯ ದಿನದವರೆಗೆ ಕಾದೆ. ಅಂದು ನನ್ನ ಕೋಣೆಯಲ್ಲಿ ಕೂರಿಸಿ, ನಡೆದದ್ದನ್ನು ಹೇಳಿ, ಕ್ಷಮೆ ಕೇಳಿದೆ.

"ಹೆಸರು ತೆಗದಿದ್ರಿ, ಖರೇ ಅಕ್ಕಾರ," ಅಂದರು. "ಆದ್ರ ನಮ್ಮ ವಾಡ್ಯಾಗ ಹೊಲಿಗಿ ಮಷೀನ್ ಇರೂದು ನಂದೊಂದ. ಈಗ ಯಾರೂ ಅಳತಿ ಕೊಡಾಕ ಬರವಲ್ರು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಗುಳಿಗೆ ಡಬ್ಬಿ ಚೀಲಕ್ಕೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು.

ತಪ್ಪನ್ನು ಚಾಲಕನ ತಲೆಗೆ ಕಟ್ಟೋಣ ಎಂದರು ಮೇಲಿನವರು. ಒಪ್ಪದೆ, ನನ್ನದೆಂದು ಬರೆದುಕೊಟ್ಟೆ. ಆಮೇಲೆ ಮೇಲಿನವರಿಗೆ ಹೆದರಿ, ಊಟದ ಹೊತ್ತಿನಲ್ಲಿ ನನ್ನ ಪಕ್ಕ ಯಾರೂ ಕೂರದಾದರು. ಬೆಳಗಾವಿಯ ಟಿಳಕವಾಡಿಯ ನನ್ನ ಮನೆಯಲ್ಲೂ ನಾನೊಬ್ಬಳೇ. ಯಾರಲ್ಲಿ ಹೇಳಿಕೊಳ್ಳಲಿ? ಇನ್ನೊಬ್ಬರ ಗುಟ್ಟು, ಹೇಳಿಕೊಳ್ಳುವಂಥದ್ದೂ ಅಲ್ಲ. ಬಹಳ ಒಂಟಿಯಾದೆ.

ಅಂದಿನಿಂದ ಹೊರಗೆ ಹೋಗುವ ಪ್ರತಿ ಫೈಲಿನಲ್ಲೂ ಒಂದೇ ವಿವರಕ್ಕೆ ಎಷ್ಟು ಜನ ಹೊಂದುತ್ತಾರೆಂದು ಎಣಿಸುತ್ತೇನೆ. ಹತ್ತಕ್ಕಿಂತ ಕಡಿಮೆಯಿದ್ದರೆ ಊರಿನ ಬದಲು ತಾಲ್ಲೂಕು ಬರೆಯುತ್ತೇನೆ, ವಯಸ್ಸು ಮೂವತ್ತೆಂಟಿದ್ದರೆ ಮೂವತ್ತರಿಂದ ನಲವತ್ತು ಎನ್ನುತ್ತೇನೆ, ಉದ್ಯೋಗ ಅಳಿಸುತ್ತೇನೆ. ಹೆಸರು ತೆಗೆದರೆ ಸಾಲದು, ಅದೇ ಥರದವರು ಇನ್ನೂ ಒಂಬತ್ತು ಜನ ಇರಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದೂ ತಡವಾಗಿ.

ಆಕೆ ಮುಂದಿನ ತಿಂಗಳು ಬರಲಿಲ್ಲ. ಫೋನ್ ಸ್ವಿಚ್ ಆಫ್. ಅದರ ಮುಂದಿನ ತಿಂಗಳೂ ಬರಲಿಲ್ಲ. ಗುಳಿಗೆ ಬಿಡುವವರನ್ನು ತಡೆಯಲೆಂದೇ ಮಾಡಿದ ಫೈಲು ಅದು. ಅದರಿಂದಲೇ ಒಬ್ಬರು ಬಿಟ್ಟರು.