ಬಗ್ಗದೆ ಮಾಡಿದ ನಮಸ್ಕಾರ

ಬೆಳಿಗ್ಗೆ ಕೊಡೆ ಹುಡುಕುವಾಗ ಕಪಾಟಿನಿಂದ ಉದ್ದ ಹಿಡಿಯ ಶೂಹಾರ್ನ್ ಟಣ್ಣನೆ ಕೆಳಗೆ ಬಿತ್ತು. ಬಗ್ಗದೆ ಬೂಟು ಹಾಕಿಕೊಳ್ಳಲಿ ಎಂದು, ಇಪ್ಪತ್ತು ವರ್ಷಗಳ ಹಿಂದೆ ಆಸ್ಪತ್ರೆಯವರು ಕೊಟ್ಟದ್ದು.

ಆಗ ನಾನು ಇಂಗ್ಲಿಷರ ನಾಡಿನ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರು. ಬೆನ್ನುನೋವೆಂದು ಬಂದವರನ್ನೆಲ್ಲ "ಏನಿಲ್ಲ, ಓಡಾಡಿಕೊಂಡಿರಿ" ಎಂದು ಎರಡೇ ನಿಮಿಷದಲ್ಲಿ ಸಾಗಹಾಕುತ್ತಿದ್ದ ಮಹಾನುಭಾವ. ಒಂದು ದಿನ ನನ್ನದೇ ಬೆನ್ನಿನ ಡಿಸ್ಕ್ ಜಾರಿ ನರ ಒತ್ತಿತು ನೋಡಿ, ಎಡಪಾದ ಮೇಲೇಳದಾಯಿತು. ನಡೆದರೆ ಬೆರಳು ನೆಲಕ್ಕೆ ತಗಲಿ ಮುಗ್ಗರಿಸುತ್ತಿದ್ದೆ. ಕಾಲು ಹೀಗೇ ಉಳಿದುಬಿಟ್ಟರೆ ಎಂಬ ಭಯವನ್ನು ಹೆಂಡತಿಗೂ ಹೇಳಲಿಲ್ಲ.

ಸರ್ಜನ್ ದೇಸಾಯಿ ಧಾರವಾಡದವರು, ಪಕ್ಕದ ಬೀದಿಯಲ್ಲೇ ಮನೆ. ಮುಂದಿನಿಂದ ಕೊಯ್ಯುತ್ತೀರೋ ಹಿಂದಿನಿಂದಲೋ ಎಂದು ಪಂಡಿತನಂತೆ ಕೇಳಿದೆ.

"ಹಿಂದಿನಿಂದನ ಹೋಗೋದ್ರಿ. ಸ್ನಾಯು ಸರಿಸಿ, ಸಣ್ಣ ಕಿಂಡಿ ಮಾಡಿ, ನರದ ಮ್ಯಾಲೆ ಕುಂತ ಚೂರು ತಗೀತೀನಿ. ನರ ಎಚ್ಚರಾಗೋದು ಮಾತ್ರ ನನ್ನ ಕೈಯಾಗಿಲ್ಲ."

ಕೊಯ್ದದ್ದಾಯಿತು, ನೋವು ಹೋಯಿತು. ಪಾದ ಮಾತ್ರ ಏಳಲಿಲ್ಲ. ಆರು ವಾರ ಬಗ್ಗಕೂಡದೆಂದು ಅಪ್ಪಣೆ.

ಹತ್ತನೆಯ ದಿನ, ಊರಿಂದ ಮಗನ ಮನೆಗೆ ಬಂದಿದ್ದ ದೇಸಾಯಿಯವರ ತಾಯಿ ಗಂಗಕ್ಕ ನನ್ನನ್ನು ನೋಡಲು ಬಂದು ಕುಳಿತರು. ಹಿರಿಯರು ಬಂದರೆಂದು ಮೈಸೂರಿನ ಅಭ್ಯಾಸಬಲದಿಂದ ಕಾಲಿಗೆ ಬಗ್ಗಿಯೇಬಿಟ್ಟೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಆ ಎಪ್ಪತ್ತರ ಮುದುಕಿ ಎರಡೂ ಕಾಲನ್ನು ಚಟಕ್ಕನೆ ಸೋಫಾದ ಮೇಲೆ ಎಳೆದುಕೊಂಡರು.

"ಬಗ್ಗಬ್ಯಾಡೋ ತಮ್ಮಾ! ನನ್ನ ಮಗ ಹೊಲಿದಿದ್ದು ಹರೀತದ. ನಿಂತು ಕೈ ಮುಗಿ, ಸಾಕು."

ಮರುದಿನದಿಂದ ಹೆಂಡತಿ ಕೆಲಸಕ್ಕೆ ಹೋದಮೇಲೆ ಗಂಗಕ್ಕ ಹಾಜರು. ಸೀರೆಯ ಮೇಲೆ ಮಗನ ಸ್ವೆಟರು, ಕಾಲಲ್ಲಿ ಸೊಸೆಯ ಬೂಟು. ಅಂಚೆಪೆಟ್ಟಿಗೆಯವರೆಗೆ ನನ್ನನ್ನು ನಡೆಸಿಕೊಂಡು ಹೋಗಿ, ಮನೆಗೆ ಕರೆತಂದು, ಸಾಕ್ಸ್ ತೆಗೆಸಿ ಬೆರಳು ನೋಡುತ್ತಿದ್ದರು. ನನಗೆ ನಾಚಿಕೆ, ಕೆಲವೊಮ್ಮೆ ಸಿಟ್ಟು. ಅವರಿಗೆ ಎರಡೂ ಲೆಕ್ಕಕ್ಕಿರಲಿಲ್ಲ.

ಐದನೆಯ ವಾರ ಮೊದಲು ಕಂಡದ್ದೂ ಅವರಿಗೇ. "ಏ, ಹೆಬ್ಬೆರಳು ಅಲುಗಿತಲ್ಲೋ!" ಇಬ್ಬರೂ ಅತ್ತೆವು.

ಆರು ವಾರ ಮುಗಿದು ದೇಸಾಯಿ ಸೈ ಎಂದ ದಿನ ನೇರ ಗಂಗಕ್ಕನ ಬಳಿ ಹೋದೆ. ಈ ಸಲ ಅವರು ಕಾಲು ಎಳೆದುಕೊಳ್ಳಲಿಲ್ಲ. ಬಗ್ಗಿದವನ ತಲೆಯ ಮೇಲಲ್ಲ, ಅಂಗಿಯ ಮೇಲಿಂದ ಗಾಯದ ಕಲೆಯ ಮೇಲೆ ಕೈಯಿಟ್ಟು ಹರಸಿದರು. ಮುಂದಿನ ವಾರವೇ ಊರಿಗೆ ಹೋದರು, ಮತ್ತೆ ಬರಲಿಲ್ಲ. ಅವರು ತೀರಿಕೊಂಡ ಸುದ್ದಿ ಮಾತ್ರ ಬಂತು.

ಬಿದ್ದ ಶೂಹಾರ್ನನ್ನು ಬಗ್ಗಿ ಎತ್ತಿಕೊಂಡೆ. ಎತ್ತಿಕೊಂಡಮೇಲೂ, ಬೆನ್ನಿನ ಮೇಲೆ ಆ ಕೈ ಇರುವಷ್ಟು ಹೊತ್ತು, ಹಾಗೆಯೇ ಬಗ್ಗಿಕೊಂಡಿದ್ದೆ.